ನೀಲ್–ಶಪಿರೊ ಸಂದರ್ಶನ: ಪಕ್ಷಪಾತ ಅನ್ನೋಕೆ ಅಳತೆಗೋಲು ಯಾವುದು?

ಅಡ್ಡಗೆರೆ (ಚರ್ಚೆ ಶುರು ಮಾಡಿದವರು)

2019ರ ಮೇ ತಿಂಗಳಲ್ಲಿ ಅಮೆರಿಕದ ಬಲಪಂಥೀಯ ಪಾಡ್‌ಕಾಸ್ಟರ್ ಬೆನ್ ಶಪಿರೊ ಬಿಬಿಸಿಯ ಆಂಡ್ರ್ಯೂ ನೀಲ್ ಎದುರು ಕೂತು, ಕೊನೆಗೆ ಸಿಟ್ಟಾಗಿ ಎದ್ದುಹೋದ ಸಂದರ್ಶನ ಗೊತ್ತಲ್ಲ, ಅದರ ತುಣುಕುಗಳು ಮತ್ತೆ ವಾಟ್ಸಾಪಲ್ಲಿ ಓಡಾಡ್ತಿವೆ. ಒಂದರಲ್ಲಿ ನೀಲ್ ಹೀರೋ. ಇನ್ನೊಂದರಲ್ಲಿ ಬಿಬಿಸಿ ಎಡಪಂಥೀಯರ ಅಡ್ಡಾ. ಎರಡನ್ನೂ ಕತ್ತರಿಸಿರೋದು ಒಂದೇ ವಿಡಿಯೋದಿಂದ.

ನನ್ನ ಪ್ರಶ್ನೆ ಇಷ್ಟು. ಬಹಿರಂಗವಾಗಿ ಒಂದು ಪಕ್ಷ ವಹಿಸಿ ಬರೆಯೋ ಬ್ಲಾಗರ್, ಪಾಡ್‌ಕಾಸ್ಟರ್‌ಗಳನ್ನ ಟಿವಿಯವರು ಕರೆಸಿ ಮಾತಾಡಿಸಿದಾಗ "ಇದು ಪಕ್ಷಪಾತ" ಅಂತ ಯಾವ ಆಧಾರದ ಮೇಲೆ ಹೇಳಬೇಕು? ದನಿ ಏರಿಸಿದ್ದಾ? ಅಡ್ಡ ಬಾಯಿ ಹಾಕಿದ್ದಾ? ಪ್ರಶ್ನೆಯೊಳಗೇ ತೀರ್ಪು ಇಟ್ಟಿದ್ದಾ? ಎಣಿಸೋಕೆ, ತೋರಿಸೋಕೆ ಆಗೋ ಅಂಥದ್ದು ಏನಾದ್ರೂ ಇದ್ರೆ ಹೇಳಿ. "ನೋಡಿದ್ರೇ ಗೊತ್ತಾಗುತ್ತೆ" ಬೇಡ.

ಗುದ್ದಲಿ

ನೋಡಿದ್ರೇ ಗೊತ್ತಾಗುತ್ತೆ. ಎದ್ದುಹೋದವನು ಸೋತ. ಮುಗೀತು.

ಥೇಮ್ಸ್ ದಡ

ಮೊದಲು ನೀಲ್ ಯಾರು ಅಂತ ತಿಳ್ಕೊಂಡು ಮಾತಾಡೋಣ. ಓದು ಮುಗಿಸಿದ ಮೇಲೆ ಕನ್ಸರ್ವೇಟಿವ್ ಪಕ್ಷದ ಸಂಶೋಧನಾ ವಿಭಾಗದಲ್ಲಿ ಕೆಲಸ. 1983ರಿಂದ 1994ರವರೆಗೆ ಮಾಧ್ಯಮ ಧಣಿ ಮರ್ಡಾಕ್ ಒಡೆತನದ ಸಂಡೇ ಟೈಮ್ಸ್ ಸಂಪಾದಕ. ಸ್ಕೈ ಟಿವಿ ಶುರುವಾದಾಗ ಅದರ ಅಧ್ಯಕ್ಷ. ಈ ಸಂದರ್ಶನ ನಡೆದಾಗ ಬ್ರಿಟನ್ನಿನ ಬಲಪಂಥೀಯ ವಾರಪತ್ರಿಕೆ ಸ್ಪೆಕ್ಟೇಟರ್ ಬಳಗದ ಅಧ್ಯಕ್ಷ. ಇಂಥ ಮನುಷ್ಯನಿಗೆ ಶಪಿರೊ "ನೀವು ಎಡಪಂಥೀಯರು ಅಂತ ಒಪ್ಕೊಂಡುಬಿಡಿ" ಅನ್ನೋ ಧಾಟಿಯಲ್ಲಿ ಮಾತಾಡಿದ್ದಕ್ಕೇ ಇಡೀ ಬ್ರಿಟನ್ ನಕ್ಕಿದ್ದು. ಎದುರಿಗಿರೋದು ಯಾರು ಅಂತ ಗೊತ್ತಿರಲಿಲ್ಲ, ಸರಿಯಾಗಿ ತಯಾರಾಗಿರಲಿಲ್ಲ ಅಂತ ಆಮೇಲೆ ಶಪಿರೊನೇ ಟ್ವೀಟ್ ಮಾಡಿ ಸೋಲು ಒಪ್ಕೊಂಡ.

ಕೊಂಕುಮಾತು

@ಥೇಮ್ಸ್ ದಡ, ಇದರಿಂದ ಸಾಬೀತಾಗೋದು ಶಪಿರೊನ ಆರೋಪ ತಪ್ಪು ಅನ್ನೋದು ಮಾತ್ರ. ಸಂದರ್ಶನ ನಿಷ್ಪಕ್ಷಪಾತವಾಗಿತ್ತು ಅಂತ ಆಗಲ್ಲ. ಬಲಪಂಥೀಯ ಪತ್ರಕರ್ತನೂ ಒಂದು ನಿರ್ದಿಷ್ಟ ವಿಷಯದಲ್ಲಿ ವಾಲಬಹುದು. ಬ್ರಿಟಿಷ್ ಬಲಪಂಥಕ್ಕೂ ಅಮೆರಿಕದ ಬಲಪಂಥಕ್ಕೂ ಗರ್ಭಪಾತದ ವಿಷಯದಲ್ಲಿ ಅಜಗಜಾಂತರ. ಲಂಡನ್ನಿನಲ್ಲಿ ಮಧ್ಯಮಮಾರ್ಗ ಅನ್ನಿಸಿಕೊಳ್ಳೋದು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಒಂದು ಪಕ್ಷದ ನಿಲುವು.

ಬಯೋಡೇಟಾ ಬಿಡಿ, ಪ್ರಶ್ನೆ ನೋಡಿ. ಜಾರ್ಜಿಯಾದ ಗವರ್ನರ್ ಬ್ರಯಾನ್ ಕೆಂಪ್ ಆರು ವಾರಗಳ ನಂತರದ ಗರ್ಭಪಾತ ನಿಷೇಧಿಸೋ ಮಸೂದೆಗೆ ಸಹಿ ಹಾಕಿದ್ದು ಮೇ 7ರಂದು, ಸಂದರ್ಶನ ಬಂದದ್ದು ಅದೇ ವಾರ. ನೀಲ್ ಕೇಳಿದ್ದು, ನಿಮ್ಮ ಕಡೆಯವರ ಇಂಥ ವಿಚಾರಗಳು ನಮ್ಮನ್ನ ಕತ್ತಲ ಯುಗಕ್ಕೆ ಒಯ್ಯೋ ಹಾಗಿವೆಯಲ್ಲ ಅಂತ. ಮುಂದೆ ಹೋಗಿ, ಆ ಕಾನೂನಿನ ಪ್ರಕಾರ ಗರ್ಭ ಜಾರಿದ ಹೆಂಗಸಿಗೆ 30 ವರ್ಷ, ಬೇರೆ ರಾಜ್ಯಕ್ಕೆ ಹೋಗಿ ಗರ್ಭಪಾತ ಮಾಡಿಸಿಕೊಂಡವಳಿಗೆ 10 ವರ್ಷ ಜೈಲಾಗಬಹುದು ಅಂದರು. ಕಾನೂನನ್ನ ಹಾಗೆ ಓದೋದು ಸರಿಯಲ್ಲ ಅಂತ ಆಗಲೇ ತಕರಾರಿತ್ತು, ಮಸೂದೆಯನ್ನ ವಿರೋಧಿಸ್ತಿದ್ದವರಿಂದಲೇ. ಅದನ್ನ ವಿವಾದವಿಲ್ಲದ ಸತ್ಯದ ಥರ ಪ್ರಶ್ನೆಗೆ ಸೇರಿಸಿದ್ದು ತಪ್ಪು. ಶಪಿರೊ ಇದನ್ನ ಹಿಡಿದಿದ್ರೆ ಆಟವೇ ಬೇರೆ ಆಗ್ತಿತ್ತು. ಅವನು ನೀಲ್‌ನ ಹಣೆಪಟ್ಟಿಗೆ ಹೋದ.

ಥೇಮ್ಸ್ ದಡ

ಆ ಅಂಶ ಒಪ್ಪಿದೆ. ಆದರೆ ಅದು ತಯಾರಿಯ ದೋಷ. ಪಕ್ಷಪಾತ ಅನ್ನೋಕೆ ಇನ್ನೂ ಬೇಕು.

ನುಡಿಗಟ್ಟು

ಇಲ್ಲಿ ಒಂದು ವಿದ್ಯೆ ಇದೆ. ಸುದ್ದಿ ಸಂದರ್ಶನದ ಮಾತುಕತೆಯನ್ನ ಪದ ಪದ ಬಿಡಿಸಿ ನೋಡಿದವರು ಸ್ಟೀವನ್ ಕ್ಲೇಮನ್ ಮತ್ತು ಜಾನ್ ಹೆರಿಟೇಜ್. ಸಂದರ್ಶಕರು ಖಾರವಾದ ಮಾತನ್ನ ಇನ್ನೊಬ್ಬರ ಬಾಯಿಗೆ ಹಾಕಿ ಕೇಳ್ತಾರೆ ಅಂತ ತೋರಿಸಿದ್ದಾರೆ. "ನಿಮ್ಮ ಟೀಕಾಕಾರರು ಹೀಗಂತಾರೆ", "ವಿರೋಧ ಪಕ್ಷದ ಆರೋಪ ಏನಂದ್ರೆ". ಹಾಗೆ ಕೇಳಿದಾಗ ಮಾತು ಎಷ್ಟೇ ಚುಚ್ಚಿದ್ರೂ ಸಂದರ್ಶಕ ಪಕ್ಕಕ್ಕೆ ನಿಂತಿರ್ತಾನೆ. ಅತಿಥಿ ಸಿಟ್ಟಾದ್ರೂ ಟೀಕಾಕಾರರ ಮೇಲೆ ಸಿಟ್ಟಾಗಬೇಕು.

ಕತ್ತಲ ಯುಗದ ಮಾತಿಗೆ ನೀಲ್ ಯಾರ ಹೆಸರೂ ಕಟ್ಟಲಿಲ್ಲ. ಹಾಗಾಗಿ ಅದು ಅವರದ್ದೇ ಮಾತಿನಂತೆ ಕೇಳಿಸ್ತು. ತಕ್ಷಣ ಶಪಿರೊ "ನೀವು ವಸ್ತುನಿಷ್ಠ ಪತ್ರಕರ್ತರೋ, ಅಭಿಪ್ರಾಯ ಹೇಳೋ ಪತ್ರಕರ್ತರೋ" ಅಂತ ತಿರುಗಿ ಬಿದ್ದ. ನೀಲ್ ವಿರುದ್ಧ ನಿಜವಾದ ದೂರು ಬರೆಯೋದಾದ್ರೆ ಆ ಒಂದೇ ವಾಕ್ಯದ ಮೇಲೆ ಬರೀಬೇಕು. ಮಿಕ್ಕಿದ್ದೆಲ್ಲ ಮಾಮೂಲಿ ಬ್ರಿಟಿಷ್ ಖಾರ.

ಗುದ್ದಲಿ

ಅಂದ್ರೆ "ಕೆಲವರು ಹೇಳ್ತಾರೆ" ಅಂತ ಮುಂದೆ ಅಂಟಿಸಿಬಿಟ್ರೆ ಏನು ಬೇಕಾದ್ರೂ ಕೇಳಬಹುದಾ? ನಮ್ಮ ಆಂಕರ್‌ಗಳು ದಿನಾ ಮಾಡೋದು ಅದೇ ಅಲ್ವಾ ಗುರೂ. "ಜನ ಕೇಳ್ತಿದ್ದಾರೆ." ಯಾವ ಜನ? ಸ್ಟುಡಿಯೋ ಕ್ಯಾಂಟೀನಿನವರಾ?

ನುಡಿಗಟ್ಟು

@ಗುದ್ದಲಿ, ಅಂಟಿಸಿದ್ರೆ ಸಾಲದು, ಹೆಸರು ಬೇಕು. ಯಾರು, ಎಲ್ಲಿ, ಯಾವಾಗ ಅಂದಿದ್ದು. "ಜನ", "ದೇಶ" ಅನ್ನೋದು ಹೆಸರಲ್ಲ. ಎಣಿಸುವಾಗ ಅದಕ್ಕೆ ಬೇರೆ ಕಾಲಂ ಇಡಿ: ಹೆಸರುಳ್ಳ ಮೂಲ, ಅನಾಮಿಕ ಮೂಲ, ಮೂಲವೇ ಇಲ್ಲ.

ಪಿಸಿಆರ್ ಮೂಲೆ

ಶುರುವಿನಲ್ಲೇ ಒಂದು ತಿದ್ದುಪಡಿ. ಶಪಿರೊ ನೀಲ್ "ಎದುರು" ಕೂತಿರಲೇ ಇಲ್ಲ. ನೀಲ್ ಲಂಡನ್ನಿನಲ್ಲಿ, ಶಪಿರೊ ಅಮೆರಿಕದ ಬೇರೊಂದು ಸ್ಟುಡಿಯೋದಲ್ಲಿ. ಇದು ಸಣ್ಣ ವಿಷಯ ಅಲ್ಲ, ಅರ್ಧ ಜಗಳ ಹುಟ್ಟೋದೇ ಇಲ್ಲಿ.

ದೂರದ ಅತಿಥಿಗೆ ಸಾಮಾನ್ಯವಾಗಿ ಸಂದರ್ಶಕನ ಮುಖ ಕಾಣಲ್ಲ. ಕಣ್ಣೆದುರು ಬರೀ ಲೆನ್ಸು, ಕಿವಿಯಲ್ಲಿ ಒಂದು ಇಯರ್‌ಪೀಸು. ನೀಲ್ ಹುಬ್ಬು ಏರಿಸಿದ್ದು, ನಗು ತಡೆದದ್ದು ನಮಗೆ ಕಾಣುತ್ತೆ, ಅವನಿಗೆ ಕಾಣಲ್ಲ. ಎದುರಾಎದುರು ಕೂತಿದ್ರೆ ತಮಾಷೆಯಾಗಿ ಕೇಳಿಸೋ ಮಾತು ಕಿವಿಯಲ್ಲಿ ಬರೀ ಹಲ್ಲೆಯಾಗಿ ಕೇಳಿಸುತ್ತೆ.

ಎರಡನೇದು ತಡ. ಭೂಸ್ಥಿರ ಉಪಗ್ರಹ ಇರೋದು 35,786 ಕಿ.ಮೀ. ಎತ್ತರದಲ್ಲಿ. ಸಿಗ್ನಲ್ ಹತ್ತಿ ಇಳಿಯೋಕೇ ಕಾಲು ಸೆಕೆಂಡ್. ಉತ್ತರ ವಾಪಸ್ ಬರೋಕೆ ಇನ್ನೊಂದು ಕಾಲು. ಎನ್‌ಕೋಡಿಂಗ್ ಸೇರಿದ್ರೆ ಒಂದು ಸೆಕೆಂಡ್ ಹತ್ತಿರ ಹೋಗುತ್ತೆ. ಫೈಬರ್ ಆದ್ರೆ ಕಮ್ಮಿ, ಆದ್ರೂ ಇಲ್ಲವೇ ಇಲ್ಲ ಅಂತಲ್ಲ. ಅತಿಥಿ ಉಸಿರು ಎಳೆದುಕೊಳ್ಳೋ ಜಾಗದಲ್ಲಿ ಸಂದರ್ಶಕ ಪ್ರಶ್ನೆ ಹಾಕಿದ್ರೆ, ಅದು ಅವನ ಕಿವಿಗೆ ಮುಟ್ಟೋ ಹೊತ್ತಿಗೆ ಅವನು ಮುಂದಿನ ವಾಕ್ಯ ಶುರು ಮಾಡಿರ್ತಾನೆ. ನೋಡೋರಿಗೆ ಇಬ್ಬರೂ ಒರಟರು.

ಮೂರನೇದು ಮಿಕ್ಸ್-ಮೈನಸ್. ಅತಿಥಿಯ ಕಿವಿಗೆ ಅವನ ದನಿ ಬಿಟ್ಟು ಮಿಕ್ಕಿದ್ದನ್ನೆಲ್ಲ ಕಳಿಸಬೇಕು. ಆಡಿಯೋ ಡೆಸ್ಕಿನವನು ತಪ್ಪು ಬಸ್ (ದನಿ ಕಳಿಸೋ ಸಾಲು) ಕೊಟ್ರೆ ಅವನ ದನಿ ಅವನಿಗೇ ಅರ್ಧ ಸೆಕೆಂಡ್ ತಡವಾಗಿ ವಾಪಸ್ ಬರುತ್ತೆ. ಎಂಥ ವಾಚಾಳಿಯೂ ತೊದಲ್ತಾನೆ, ಇಯರ್‌ಪೀಸ್ ಕಿತ್ತು ಹಿಡ್ಕೊಳ್ತಾನೆ. ಅಂಥ ತುಣುಕನ್ನ "ಉತ್ತರ ಕೊಡೋಕಾಗದೆ ತಡವರಿಸಿದ" ಅಂತ ಹಂಚೋರಿದ್ದಾರೆ. ನೀಲ್–ಶಪಿರೊದಲ್ಲಿ ಹಾಗಾಗಿಲ್ಲ, ಆಡಿಯೋ ಸ್ವಚ್ಛವಾಗಿದೆ. ಆದ್ರೆ ಬೇರೆ ತುಣುಕು ನೋಡುವಾಗ ಇದು ತಲೆಯಲ್ಲಿರಲಿ.

ಕಡಲಬದಿ

ಅಡ್ಡ ಬಾಯಿ ಎಣಿಸುವಾಗ ಈ ತಡವನ್ನು ಕಳೆಯಬೇಕಲ್ಲ ಮಾರಾಯ್ರೇ? ಇಲ್ಲದಿದ್ದರೆ ದೂರದ ಅತಿಥಿ ಎಲ್ಲರಿಗೂ "ಅನ್ಯಾಯ" ಆದ ಹಾಗೆ ಲೆಕ್ಕ ಬರ್ತದೆ.

ಪಿಸಿಆರ್ ಮೂಲೆ

ಹೌದು. ಒಂದು ಸೆಕೆಂಡಿಗಿಂತ ಕಮ್ಮಿ ಒಂದರ ಮೇಲೊಂದು ಬಿದ್ದ ಮಾತನ್ನ ಲೆಕ್ಕಕ್ಕೇ ತಗೋಬೇಡಿ. ಅದಕ್ಕಿಂತ ಉದ್ದ ಇದ್ದು, ಅತಿಥಿಯ ವಾಕ್ಯ ಅರ್ಧಕ್ಕೆ ನಿಂತಿದ್ರೆ ಮಾತ್ರ ಅಡ್ಡ ಬಾಯಿ.

ಟಿಪ್ಪಣಿಕಾರ

ಎಣಿಸೋ ಕ್ರಮ ಕೇಳಿದ್ರಲ್ಲ, ಬರೀತೀನಿ.

ಮೊದಲು ಪೂರ್ತಿ ವಿಡಿಯೋ ಹುಡುಕಿ. ನೀಲ್–ಶಪಿರೊ ಕಾಲು ಗಂಟೆ ದಾಟುತ್ತೆ, ಓಡಾಡ್ತಿರೋದು ಎರಡು ನಿಮಿಷದ್ದು. ಯೂಟ್ಯೂಬಿನ ತಾನೇತಾನಾಗಿ ಬರೋ ಅಕ್ಷರಪಟ್ಟಿ ನೆಚ್ಚಿಕೊಳ್ಳಬೇಡಿ. ಇಬ್ಬರೂ ಒಟ್ಟಿಗೆ ಮಾತಾಡಿದ ಕಡೆ ಅದು ಎರಡೂ ದನಿಯನ್ನ ಒಂದೇ ಸಾಲಾಗಿ ಕಲಸಿಬಿಡುತ್ತೆ. ನಮಗೆ ಬೇಕಿರೋದೇ ಆ ಜಾಗ.

ಆಡಿಯೋನ ಆಡಾಸಿಟಿಯಲ್ಲಿ (ದನಿ ಎಡಿಟ್ ಮಾಡೋ ಸಾಫ್ಟ್‌ವೇರ್) ತೆರೆಯಿರಿ. ಓಡಿಸ್ತಾ ಪ್ರತಿ ಪ್ರಶ್ನೆ ಶುರುವಾದಾಗ ಕಂಟ್ರೋಲ್ ಜೊತೆ ಎಂ ಒತ್ತಿ, ಒಂದು ಲೇಬಲ್ ಬೀಳುತ್ತೆ. ಮಾತು ಮೇಲೆ ಬಿದ್ದ ಭಾಗವನ್ನ ಮೌಸಲ್ಲಿ ಆಯ್ಕೆ ಮಾಡಿ ಕಂಟ್ರೋಲ್ ಜೊತೆ ಬಿ ಒತ್ತಿದ್ರೆ ಆರಂಭ, ಅಂತ್ಯ ಎರಡೂ ಉಳಿಯುತ್ತೆ. ಕೊನೆಗೆ ಲೇಬಲ್‌ಗಳನ್ನ ಎಕ್ಸ್‌ಪೋರ್ಟ್ ಮಾಡಿದ್ರೆ ಸೆಕೆಂಡುಗಳ ಪಟ್ಟಿ ಟೆಕ್ಸ್ಟ್ ಫೈಲಾಗಿ ಬರುತ್ತೆ. ಅದನ್ನ ನೇರ ಎಕ್ಸೆಲ್‌ಗೆ ಹಾಕಿ.

ಕಾಲಂಗಳು: ಸಮಯ, ಪ್ರಶ್ನೆಯ ಪೂರ್ತಿ ಮಾತು, ಬಗೆ (ಬಿಚ್ಚು ಪ್ರಶ್ನೆ, ಹೌದು–ಇಲ್ಲ ಪ್ರಶ್ನೆ, ಪೂರ್ವಗ್ರಹ ಹೊತ್ತ ಪ್ರಶ್ನೆ), ಮೂಲ (ನುಡಿಗಟ್ಟು ಹೇಳಿದ ಮೂರು ಬಗೆ), ಅತಿಥಿಗೆ ಎಷ್ಟು ಸೆಕೆಂಡ್ ಬಿಟ್ಟರು, ಅಡ್ಡ ಬಾಯಿ ಬಿತ್ತಾ, ಉತ್ತರ ಬಂತಾ ಇಲ್ವಾ, ಅದೇ ಪ್ರಶ್ನೆ ಮತ್ತೆ ಕೇಳಿದ್ರಾ. ಕೊನೇ ಎರಡು ಕಾಲಂ ಜೋಡಿಯಾಗಿ ಓದಬೇಕು. ಉತ್ತರ ಬಾರದ ಪ್ರಶ್ನೆಯನ್ನ ನಾಲ್ಕು ಸಲ ಕೇಳೋದು ಕಸುಬು. ಉತ್ತರ ಬಂದ ಮೇಲೂ ನಾಲ್ಕು ಸಲ ಕೇಳೋದು ಕಾಟ.

ಇಬ್ಬರು ಬೇರೆ ಬೇರೆ ಕೂತು ತುಂಬಬೇಕು, ಒಬ್ಬರ ಹಾಳೆ ಇನ್ನೊಬ್ಬರು ನೋಡಬಾರದು. ರಾಜಕೀಯವಾಗಿ ಒಬ್ಬರು ಆ ಕಡೆಯವರು ಇನ್ನೊಬ್ಬರು ಈ ಕಡೆಯವರು ಆದ್ರೆ ಬಹಳ ಒಳ್ಳೇದು.

ಕೊಂಕುಮಾತು

ಆಮೇಲೆ ಇಬ್ಬರ ಹಾಳೆ 85% ಹೊಂದಿತು ಅಂತ ಕುಣಿಯಬೇಡಿ. 40 ಪ್ರಶ್ನೆಯಲ್ಲಿ 34 ಹೊಂದಿದ್ರೆ 85%. ಆದರೆ ಇಬ್ಬರೂ ಹತ್ತರಲ್ಲಿ ಎಂಟಕ್ಕೆ "ಪೂರ್ವಗ್ರಹ ಇಲ್ಲ" ಅಂತ ಗುರುತು ಹಾಕೋ ಅಭ್ಯಾಸದವರಾದ್ರೆ, ಕಣ್ಣು ಮುಚ್ಚಿ ಹಾಕಿದ್ರೂ 68% ಹೊಂದುತ್ತೆ (0.8×0.8 ಕೂಡಿಸು 0.2×0.2). ಆ ಆಕಸ್ಮಿಕ ಭಾಗ ಕಳೆದು ಉಳಿದದ್ದನ್ನ ನೋಡಬೇಕು: 0.85ರಲ್ಲಿ 0.68 ಕಳೆದು 0.32ರಿಂದ ಭಾಗಿಸಿದ್ರೆ 0.53. ಇದೇ ಕೋಹೆನ್ ಕಪ್ಪಾ. 0.53 ಅಂದ್ರೆ ಸುಮಾರು, ಅಷ್ಟೇ. 0.7ರ ಹತ್ತಿರ ಬರದಿದ್ರೆ ನಿಮ್ಮ "ಪೂರ್ವಗ್ರಹ ಹೊತ್ತ ಪ್ರಶ್ನೆ"ಯ ವ್ಯಾಖ್ಯಾನವೇ ಸಡಿಲ ಅಂತ ಅರ್ಥ. ವ್ಯಾಖ್ಯಾನ ಬಿಗಿ ಮಾಡಿ ಮತ್ತೆ ತುಂಬಿ.

ಇನ್ನೊಂದು. ಒಬ್ಬರೇ ಅತಿಥಿ ಇರೋ ಸಂದರ್ಶನದಲ್ಲಿ "ಯಾರಿಗೆ ಎಷ್ಟು ನಿಮಿಷ" ಅನ್ನೋ ಲೆಕ್ಕಕ್ಕೆ ಬೆಲೆ ಇಲ್ಲ. ಅತಿಥಿ ಯಾವತ್ತೂ ಜಾಸ್ತಿ ಮಾತಾಡ್ತಾನೆ. ಆ ಲೆಕ್ಕ ಎರಡು ಕಡೆಯವರನ್ನ ಕೂರಿಸಿದ ಚರ್ಚೆಗೆ.

ಶಾಯಿದೌತಿ

ಇಷ್ಟೆಲ್ಲ ಎಣಿಸೋಕೆ ಮುಂಚೆ ಎಣಿಸೋರ ತಲೆ ಒಳಗೇನಿದೆ ಅಂತ ನೋಡಬೇಕು. 1985ರಲ್ಲಿ ವಲ್ಲೋನ್, ರಾಸ್, ಲೆಪ್ಪರ್ ಅನ್ನೋ ಮೂವರು ಸ್ಟಾನ್‌ಫರ್ಡಿನಲ್ಲಿ ಮಾಡಿದ ಪ್ರಯೋಗ ಪ್ರಕಟವಾಯ್ತು. 1982ರ ಬೈರೂತಿನ ಸಬ್ರಾ–ಶತೀಲಾ ಹತ್ಯಾಕಾಂಡದ ಬಗ್ಗೆ ಅಮೆರಿಕದ ಟಿವಿಗಳಲ್ಲಿ ಬಂದ ಅದೇ ಸುದ್ದಿ ತುಣುಕುಗಳನ್ನ 144 ಜನರಿಗೆ ತೋರಿಸಿದರು. ಇಸ್ರೇಲ್ ಪರ ಇದ್ದವರು "ಇದು ಇಸ್ರೇಲ್ ವಿರುದ್ಧ ವಾಲಿದೆ" ಅಂದರು, ಅರಬ್ ಪರ ಇದ್ದವರು "ಇಸ್ರೇಲ್ ಪರ ವಾಲಿದೆ" ಅಂದರು. ಮಜಾ ಏನಂದ್ರೆ, ವಿಷಯ ಚೆನ್ನಾಗಿ ಗೊತ್ತಿದ್ದವರಿಗೇ ಪಕ್ಷಪಾತ ಜಾಸ್ತಿ ಕಂಡಿದ್ದು.

ಗುದ್ದಲಿ

ಹಾಗಾದ್ರೆ ಪಕ್ಷಪಾತ ಅನ್ನೋದೇ ಇಲ್ಲ, ಎಲ್ಲ ನಮ್ಮ ಕಣ್ಣಿನ ದೋಷ ಅಂತಾನಾ ಸಾರ್?

ಶಾಯಿದೌತಿ

ಅಲ್ಲ. "ಎರಡೂ ಕಡೆಯವರು ಬೈತಿದ್ದಾರೆ, ಹಾಗಾದ್ರೆ ನಾವು ಸರಿ" ಅಂತ ಚಾನಲ್‌ನವರು ಈ ಪ್ರಯೋಗ ತೋರಿಸಿ ತಪ್ಪಿಸ್ಕೊಳ್ತಾರಲ್ಲ, ಅದೂ ತಪ್ಪು. ಎರಡೂ ಕಡೆಯಿಂದ ಬೈಸಿಕೊಂಡ ಕಾರ್ಯಕ್ರಮವೂ ಒಂದು ಕಡೆ ವಾಲಿರಬಹುದು. ದೂರುಗಳ ಸಂಖ್ಯೆಯಿಂದ ಏನೂ ತಿಳಿಯಲ್ಲ ಅನ್ನೋದಷ್ಟೇ ಇದರ ಅರ್ಥ.

ಥೇಮ್ಸ್ ದಡ

ಬ್ಲಾಗರ್‌ಗಳ ವಿಷಯಕ್ಕೆ ಬರೋಣ. ರಾಜಕಾರಣಿಯ ಸಂದರ್ಶನಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ. ರಾಜಕಾರಣಿಗೆ ಪ್ರಣಾಳಿಕೆ, ಮತದಾನದ ದಾಖಲೆ ಇರುತ್ತೆ. ಬ್ಲಾಗರ್‌ಗೆ ಇರೋದು ಹಳೇ ಪೋಸ್ಟುಗಳ ಗುಡ್ಡೆ. ನೀಲ್ ಅದನ್ನೇ ತೆಗೆದರು. ಇಸ್ರೇಲಿಗಳು ಮತ್ತು ಅರಬರ ಬಗ್ಗೆ ಶಪಿರೊ 2010ರಲ್ಲಿ ಮಾಡಿದ್ದ ಕೆಟ್ಟ ಟ್ವೀಟ್ ಓದಿದರು. ಶಪಿರೊ, ತನ್ನ ಹಳೇ ತಪ್ಪುಗಳ ಪಟ್ಟಿ ತಾನೇ ಹಾಕಿದ್ದೀನಿ, ಇದು ಬಲೆ ಬೀಸೋದು ಅಂದ.

ಹಳೇ ಪೋಸ್ಟ್ ಕೇಳೋದು ತಪ್ಪಲ್ಲ. ಅವನು ಬಂದಿದ್ದೇ ಅಮೆರಿಕದ ರಾಜಕೀಯದಲ್ಲಿ ಸಿಟ್ಟು, ಕಚ್ಚಾಟ ಹೆಚ್ಚಾಗಿದೆ ಅನ್ನೋ ಪುಸ್ತಕ ಹಿಡ್ಕೊಂಡು. ಹಾಗಿರುವಾಗ ನೀವೇ ಬರೆದದ್ದೇನು ಅಂತ ಕೇಳೋದು ವಿಷಯಕ್ಕೆ ಸಂಬಂಧಪಟ್ಟದ್ದೇ. ನೋಡಬೇಕಾದ್ದು: ತಾರೀಖು ಹೇಳಿದ್ರಾ, ಪೂರ್ತಿ ವಾಕ್ಯ ಓದಿದ್ರಾ, ಆಮೇಲೆ ಅವರು ವಾಪಸ್ ತಗೊಂಡಿದ್ರೆ ಅದನ್ನೂ ಹೇಳಿದ್ರಾ, ಉತ್ತರಕ್ಕೆ ಜಾಗ ಬಿಟ್ರಾ.

ಧಾರವಾಡ ಫೇಡೆ

ಅಲ್ರೀ, ಇದೆಲ್ಲಾ ಲಂಡನ್ ಕಥಿ ಆತು. ನಮ್ಮ ಕಡೆ ಒಂದ ಪಕ್ಷದ ಪರವಾಗಿ ದಿನಾ ವಿಡಿಯೋ ಹಾಕೋ ಯೂಟ್ಯೂಬರ್‌ನ ಕರದು, ಕೆಳಗ "ರಾಜಕೀಯ ವಿಶ್ಲೇಷಕರು" ಅಂತ ಪಟ್ಟಿ ಬರದು ಕುಂಡ್ರಸ್ತಾರ. ಪ್ರಶ್ನಿ ಎಷ್ಟರ ಮೆತ್ತಗ ಇರಲಿ ಬಿರುಸ ಇರಲಿ, ಮೋಸ ಆ ಪಟ್ಟಿಯೊಳಗ ಐತಿ. ಅದನ್ನ ಯಾರೂ ಎಣಸಂಗಿಲ್ಲ.

ನುಡಿಗಟ್ಟು

@ಧಾರವಾಡ ಫೇಡೆ, ನೂರಕ್ಕೆ ನೂರು. ನನ್ನ ಪ್ರಕಾರ ಈ ಇಡೀ ಚರ್ಚೆಯಲ್ಲಿ ಇದೇ ಮುಖ್ಯ. ಬಿಬಿಸಿಯ ಸಂಪಾದಕೀಯ ಮಾರ್ಗಸೂಚಿಯಲ್ಲೇ ಇದೆ: ಬೇರೆ ಸಂಸ್ಥೆಯಿಂದ ಬಂದ ಪತ್ರಕರ್ತ, ಪ್ರಾಧ್ಯಾಪಕ, ಚಿಂತಕರ ಚಾವಡಿಯವರು ನಿಷ್ಪಕ್ಷಪಾತಿಗಳು ಅಂತ ತಾವಾಗಿ ಅಂದುಕೊಳ್ಳಬಾರದು, ಅಗತ್ಯ ಇದ್ದಾಗ ಅವರ ನಂಟು, ಹಣದ ಮೂಲ, ನಿಲುವು ವೀಕ್ಷಕರಿಗೆ ತಿಳಿಸಬೇಕು ಅಂತ. ಹಾಳೆಗೆ ಇನ್ನೊಂದು ಕಾಲಂ ಸೇರಿಸಿ: ಪರದೆಯ ಕೆಳಗಿನ ಪಟ್ಟಿಯಲ್ಲಿ ಏನಿತ್ತು, ಆಂಕರ್ ಬಾಯಲ್ಲಿ ಹೇಗೆ ಪರಿಚಯಿಸಿದ್ರು. ಒಬ್ಬನಿಗೆ "ಬಲಪಂಥೀಯ ಬ್ಲಾಗರ್", ಪಕ್ಕದವನಿಗೆ ಬರೀ "ಲೇಖಕ" ಅಂದ್ರೆ ಮಾತು ಶುರುವಾಗೋ ಮೊದಲೇ ತಕ್ಕಡಿ ಏರುಪೇರು.

ಅಡ್ಡಗೆರೆ

ಪರಿಚಯದ ವಿಷಯದಲ್ಲಿ ಹಳೇ ಉದಾಹರಣೆ ಏನಾದ್ರೂ ಇದೆಯಾ?

ಥೇಮ್ಸ್ ದಡ

ಇದೆ, ಸೊಗಸಾದ್ದು. 2004ರಲ್ಲಿ ಶುರುವಾದ ಗೈಡೊ ಫಾಕ್ಸ್ ಅನ್ನೋ ಬ್ರಿಟಿಷ್ ರಾಜಕೀಯ ಬ್ಲಾಗ್, ಆಗ ಬರೀತಿದ್ದವರು ಪಾಲ್ ಸ್ಟೇನ್ಸ್. 2007ರ ಮಾರ್ಚಿನಲ್ಲಿ ಬಿಬಿಸಿಯ ನ್ಯೂಸ್‌ನೈಟ್ ಕಾರ್ಯಕ್ರಮ ಅವರಿಗೆ ಒಂದು ಪುಟ್ಟ ಚಿತ್ರ ಮಾಡೋಕೆ ಬಿಟ್ಟಿತು. ಸಂಸತ್ತಿನ ಸುದ್ದಿಗಾರರು ಮಂತ್ರಿಗಳ ಜೊತೆ ತೀರಾ ಆಪ್ತರಾಗಿದ್ದಾರೆ ಅನ್ನೋದು ಅದರ ವಾದ. ಆಮೇಲೆ ನಿರೂಪಕ ಜೆರೆಮಿ ಪ್ಯಾಕ್ಸ್‌ಮನ್ ಜೊತೆ ಚರ್ಚೆ, ಎದುರಾಳಿ ಗಾರ್ಡಿಯನ್ ಪತ್ರಿಕೆಯ ಮೈಕಲ್ ವೈಟ್. ಸ್ಟೇನ್ಸ್ ಮುಖ ಕಾಣದ ಹಾಗೆ ಕತ್ತಲಲ್ಲಿ ಕೂರ್ತೀನಿ ಅಂತ ಹಟ ಹಿಡಿದರು. ಅವರ ಹೆಸರು ಅದಾಗಲೇ ಪತ್ರಿಕೆಯಲ್ಲಿ ಬಂದಿತ್ತು! ವೈಟ್ ನೇರ ಪ್ರಸಾರದಲ್ಲೇ ಹೆಸರು ಹಿಡಿದು ಕರೆದರು. ಪತ್ರಕರ್ತರಿಗೆ ಪಾರದರ್ಶಕತೆಯ ಪಾಠ ಹೇಳೋಕೆ ಬಂದವರು ತಾವೇ ನೆರಳಲ್ಲಿ. ವಾದ ಅಲ್ಲೇ ಬಿತ್ತು.

ಇಲ್ಲಿ ಪಕ್ಷಪಾತ ಇತ್ತಾ? ಬ್ಲಾಗರ್ ಪರ ಇದ್ದವರು "ಸಂಪ್ರದಾಯಸ್ಥ ಮಾಧ್ಯಮದ ಒಗ್ಗಟ್ಟು" ಅಂದರು. ಆದರೆ ಪೂರ್ತಿ ಚಿತ್ರವನ್ನ ಅವರ ಕೈಗೇ ಕೊಟ್ಟು, ಆಮೇಲೆ ಪ್ರಶ್ನೆ ಕೇಳಿದ್ದು. ಇದಕ್ಕಿಂತ ಉದಾರವಾದ ಏರ್ಪಾಡು ಯಾವ ಬ್ಲಾಗರ್‌ಗೂ ಸಿಗಲ್ಲ.

ಕೊಂಕುಮಾತು

ನೀಲ್ ನಿಜವಾಗಿ ಗೆರೆ ದಾಟಿದ ಸಂದರ್ಶನ ಬೇಕಾ? 2013ರ ಜೂನ್, ಅಮೆರಿಕದ ಪಿತೂರಿ ಕಥೆಗಳ ಪ್ರಚಾರಕ ಅಲೆಕ್ಸ್ ಜೋನ್ಸ್. ಇಂಗ್ಲೆಂಡಿನ ವಾಟ್‌ಫರ್ಡಿನಲ್ಲಿ ಬಿಲ್ಡರ್‌ಬರ್ಗ್ ಅನ್ನೋ ಗಣ್ಯರ ಖಾಸಗಿ ಸಭೆ ನಡೀತಿತ್ತು, ಭಾನುವಾರದ ಕಾರ್ಯಕ್ರಮಕ್ಕೆ ಜೋನ್ಸನ್ನೂ ಪತ್ರಕರ್ತ ಡೇವಿಡ್ ಆರನೊವಿಚನ್ನೂ ಕರೆಸಿದರು. ಜೋನ್ಸ್ ಅರಚಾಡಿದ. ನೀಲ್ ಕ್ಯಾಮೆರಾ ಕಡೆ ತಿರುಗಿ ಇವತ್ತು ಕಾರ್ಯಕ್ರಮದಲ್ಲಿ ಒಬ್ಬ ಮೂರ್ಖ ಇದ್ದಾನೆ ಅಂದು, ತಲೆ ಪಕ್ಕ ಬೆರಳು ತಿರುಗಿಸಿದರು. ಜನ ಚಪ್ಪಾಳೆ ಹೊಡೆದರು. ಆದರೆ ನಿಯಮದ ಕಣ್ಣಲ್ಲಿ ಶಪಿರೊ ಸಂದರ್ಶನಕ್ಕಿಂತ ಇದು ಕಷ್ಟ. ಅಲ್ಲಿ ಪ್ರಶ್ನೆಯಲ್ಲಿ ತೀರ್ಪು ಇತ್ತು, ಇಲ್ಲಿ ತೀರ್ಪೇ ಇದೆ, ಪ್ರಶ್ನೆ ಇಲ್ಲ.

ಪಿಸಿಆರ್ ಮೂಲೆ

ಒಪ್ಪಲ್ಲ. ಅತಿಥಿ ಯಾರ ಮಾತೂ ಕೇಳದೆ ಅರಚುವಾಗ ಫೇಡರ್ ಇಳಿಸಿ ಅವನ ದನಿ ತಗ್ಗಿಸೋದು ಒಂದೇ ಬೇರೆ ದಾರಿ. ಇಳಿಸಿದ್ರೆ "ಮೈಕ್ ಕಟ್ ಮಾಡಿದ್ರು" ಅಂತ ಅವನಿಗೆ ಹತ್ತು ವರ್ಷದ ಸರಕು. ತಪ್ಪಾಗಿದ್ದು ಅವನನ್ನ ಕರೆಯೋ ನಿರ್ಧಾರ ಆದಾಗ. ಆ ಕುರ್ಚಿಗೆ ಅವನು ಬಂದಿದ್ದೇ ಅರಚಲಿ ಅಂತ.

ಕೊಂಕುಮಾತು

ಅದನ್ನೇ ನಾನು ಹೇಳ್ತಿರೋದು. ಅತಿಥಿ ಆಯ್ಕೆಯಲ್ಲೇ ಪಕ್ಷಪಾತ. ಒಂದು ಕಡೆಯಿಂದ ಸಮಾಧಾನಿ, ಇನ್ನೊಂದು ಕಡೆಯಿಂದ ಅರಚುವವನು. ಇಬ್ಬರಿಗೂ ಸಮ ಸಮಯ ಕೊಟ್ಟು ಕೈ ತೊಳ್ಕೊಳ್ಳೋದು.

ಹಳೇಪೇಟೆ

ಅಮೆರಿಕದಲ್ಲಿ ಸಮ ಸಮಯದ ನಿಯಮ ರೇಗನ್ ಕಾಲದಲ್ಲಿ ತೆಗೆದುಬಿಟ್ರಲ್ಲ, ಅದಕ್ಕೇ ಅಲ್ಲಿಯವರಿಗೆ ಕಠಿಣ ಪ್ರಶ್ನೆ ಅಭ್ಯಾಸ ತಪ್ಪಿರೋದು.

ಟಿಪ್ಪಣಿಕಾರ

@ಹಳೇಪೇಟೆ, ಎರಡು ಬೇರೆ ನಿಯಮ ಕಲಸಿದ್ದೀರಿ. 1987ರಲ್ಲಿ ತೆಗೆದದ್ದು ಫೇರ್‌ನೆಸ್ ಡಾಕ್ಟ್ರಿನ್, 1949ರಿಂದ ಇದ್ದದ್ದು. ವಿವಾದದ ವಿಷಯಗಳನ್ನ ಪ್ರಸಾರ ಮಾಡಿ, ಬೇರೆ ಬೇರೆ ನಿಲುವಿಗೆ ಜಾಗ ಕೊಡಿ ಅನ್ನೋದು. ಸಮ ಅವಕಾಶದ ನಿಯಮ ಸಂವಹನ ಕಾಯ್ದೆಯ 315ನೇ ಸೆಕ್ಷನ್, ಈಗಲೂ ಇದೆ. ಆದ್ರೆ ಅದು ಚುನಾವಣೆಗೆ ನಿಂತ ಅಭ್ಯರ್ಥಿಗಳಿಗೆ ಮಾತ್ರ. ಸುದ್ದಿ ಸಂದರ್ಶನಗಳಿಗೆ 1959ರಲ್ಲೇ ವಿನಾಯಿತಿ ಸಿಕ್ಕಿದೆ. ಬ್ಲಾಗರ್ ಅಭ್ಯರ್ಥಿಯೇ ಅಲ್ಲ, ಹಾಗಾಗಿ ಎರಡೂ ಅವನಿಗೆ ತಾಗಲ್ಲ. ಫೇರ್‌ನೆಸ್ ಡಾಕ್ಟ್ರಿನ್ ಮುಖ್ಯವಾಗಿ ಆಕಾಶ ತರಂಗ ಬಳಸೋ ಪರವಾನಗಿದಾರರಿಗೆ ಕಟ್ಟಿದ್ದು. ಅದು ಇದ್ದಿದ್ರೆ ಈಗಿನ ಕೇಬಲ್ ಸುದ್ದಿ ಹೀಗಾಗ್ತಿರಲಿಲ್ಲ ಅನ್ನೋದು ಹೆಚ್ಚಾಗಿ ಆಸೆ.

ಥೇಮ್ಸ್ ದಡ

ಬ್ರಿಟನ್ ಬೇರೆ. ಅಲ್ಲಿನ ಪ್ರಸಾರ ನಿಯಂತ್ರಕ ಆಫ್ಕಾಂನ ಪ್ರಸಾರ ಸಂಹಿತೆಯ ಐದನೇ ಅಧ್ಯಾಯ ಓದಿ. 5.1: ಸುದ್ದಿ ತಕ್ಕಷ್ಟು ನಿಷ್ಪಕ್ಷಪಾತವಾಗಿರಬೇಕು. ತಕ್ಕಷ್ಟು ಅಂದ್ರೆ ವಿಷಯಕ್ಕೂ ಕಾರ್ಯಕ್ರಮದ ಬಗೆಗೂ ಹೊಂದೋ ಹಾಗೆ, ಪ್ರತಿ ವಾದಕ್ಕೂ ಗಡಿಯಾರ ಹಿಡಿದು ಸಮಯ ಹಂಚಬೇಕಿಲ್ಲ. 5.5ರಲ್ಲಿ ಒಂದೇ ಕಾರ್ಯಕ್ರಮದಲ್ಲಿ ಅಲ್ಲದಿದ್ರೂ ಸರಣಿಯಲ್ಲಿ ಸರಿದೂಗಿಸಬಹುದು ಅಂತಿದೆ. ಒಂದೇ ತುಣುಕು ತೋರಿಸಿ ದೂರು ಕೊಟ್ಟವರು ಬೀಳೋದು ಇಲ್ಲೇ.

ಬಿಬಿಸಿ ಮೇಲಿನ ದೂರು ನೇರ ಆಫ್ಕಾಂಗೆ ಹೋಗಲ್ಲ. ಪ್ರಸಾರವಾಗಿ 30 ಕೆಲಸದ ದಿನದೊಳಗೆ ಬಿಬಿಸಿಗೇ ಬರೀಬೇಕು, ಅಲ್ಲಿನ ಕಾರ್ಯನಿರ್ವಾಹಕ ದೂರು ಘಟಕದವರೆಗೆ ಹೋಗಿ, ಆಮೇಲೆ ಆಫ್ಕಾಂ. ಖಾಸಗಿ ಚಾನಲ್ ಆದ್ರೆ ನೇರ ಆಫ್ಕಾಂಗೆ, 20 ಕೆಲಸದ ದಿನದೊಳಗೆ. ಶಿಕ್ಷೆಯೂ ಆಗಿದೆ: 2024ರ ಫೆಬ್ರವರಿಯಲ್ಲಿ ಜಿಬಿ ನ್ಯೂಸ್ ಚಾನಲ್ ಅಂದಿನ ಪ್ರಧಾನಿ ರಿಷಿ ಸುನಕ್ ಜೊತೆ ಮಾಡಿದ ಪ್ರೇಕ್ಷಕರ ಪ್ರಶ್ನೋತ್ತರಕ್ಕೆ ಅದೇ ಅಕ್ಟೋಬರಿನಲ್ಲಿ 1 ಲಕ್ಷ ಪೌಂಡ್ ದಂಡ. ಪ್ರಶ್ನೆ ಕೇಳಿದವರನ್ನ ಯಾರೂ ತಪ್ಪು ಅನ್ನಲಿಲ್ಲ. ಬೇರೆ ನಿಲುವುಗಳಿಗೆ ಸಾಕಷ್ಟು ಜಾಗ ಸಿಗಲಿಲ್ಲ ಅನ್ನೋದು ಕಾರಣ. ಬ್ಲಾಗರ್ ತನ್ನ ಸ್ವಂತ ಯೂಟ್ಯೂಬಿಗೆ ಹಾಕೋ ತುಣುಕಿಗೆ ಈ ಸಂಹಿತೆ ತಾಗಲ್ಲ. ನಗೆಪಾಟಲು ತುಣುಕುಗಳೆಲ್ಲ ಅಲ್ಲಿಂದಲೇ ಬರ್ತವೆ.

ಧಾರವಾಡ ಫೇಡೆ

ಮತ್ತ ನಮ್ಮ ಚಾನಲ್‌ಗೆ ದೂರು ಕೊಡೂದು ಹೆಂಗ್ರೀ? ಬರೇ ಟ್ವಿಟರ್‌ನ್ಯಾಗ ಬೈಯೂದಷ್ಟ ಏನು?

ಟಿಪ್ಪಣಿಕಾರ

ದಾರಿ ಇದೆ ರೀ. ಚಾನಲ್ ಎನ್‌ಬಿಡಿಎ (ಸುದ್ದಿ ಚಾನಲ್‌ಗಳ ಸಂಘ) ಸದಸ್ಯತ್ವ ಹೊಂದಿದೆಯಾ ಅಂತ ಮೊದಲು ನೋಡಿ. ಇದ್ರೆ, ಪ್ರಸಾರವಾಗಿ 7 ದಿನದೊಳಗೆ ಚಾನಲ್‌ಗೇ ದೂರು ಬರೀಬೇಕು. ಈ 7 ದಿನ ತಪ್ಪಿಸ್ಕೊಂಡೇ ಬಹಳ ದೂರು ಸಾಯೋದು. ಉತ್ತರ ಬಂದು ಒಪ್ಪಿಗೆಯಾಗದಿದ್ರೆ 14 ದಿನದೊಳಗೆ ಆ ಸಂಘದ ದೂರು ಪ್ರಾಧಿಕಾರ ಎನ್‌ಬಿಡಿಎಸ್‌ಎಗೆ. ಸದಸ್ಯ ಅಲ್ಲದಿದ್ರೆ 2021ರಲ್ಲಿ ತಿದ್ದಿದ ಕೇಬಲ್ ಟಿವಿ ನಿಯಮ ಇದೆ: ಚಾನಲ್ 24 ಗಂಟೆಯಲ್ಲಿ ಸ್ವೀಕೃತಿ ಕೊಡಬೇಕು, 15 ದಿನದಲ್ಲಿ ತೀರ್ಮಾನ ತಿಳಿಸಬೇಕು, ಆಮೇಲೆ ಸ್ವಯಂ ನಿಯಂತ್ರಣ ಸಂಸ್ಥೆಗೆ, ಕೊನೆಗೆ ಕೇಂದ್ರ ಸರ್ಕಾರಕ್ಕೆ.

ದೂರಲ್ಲಿ ಇರಬೇಕಾದ್ದು: ಕಾರ್ಯಕ್ರಮ, ತಾರೀಖು, ಪ್ರಸಾರವಾದ ಗಂಟೆ–ನಿಮಿಷ, ಕೆಳಪಟ್ಟಿಯ ಅಕ್ಷರ ಇದ್ದಂಗೇ, ಯಾವ ನಿಯಮ ಮುರಿದಿದೆ. "ಅತಿಥಿ ಸುಳ್ಳು ಹೇಳಿದ" ಅಂತ ಬರೆದ್ರೆ ಅದು ಅತಿಥಿ ಮೇಲಿನ ದೂರು, ಚಾನಲ್ ಕೈಕೊಡವಿಕೊಳ್ಳುತ್ತೆ. "ಇಂಥ ಪಕ್ಷದ ಪರ ಪ್ರಚಾರ ಮಾಡೋ ವ್ಯಕ್ತಿಯನ್ನ ವಿಶ್ಲೇಷಕ ಅಂತ ತೋರಿಸಿದ್ರು, ಆಂಕರ್ ಒಂದು ಸಲವೂ ತಡೀಲಿಲ್ಲ" ಅಂತ ಬರೀರಿ. ಆಗ ಉತ್ತರ ಕೊಡಬೇಕಾದ್ದು ಚಾನಲ್.

ಏನೂ ಆಗಲ್ಲ ಅನ್ನೋರಿಗೆ: 2024ರ ಫೆಬ್ರವರಿಯಲ್ಲಿ ನ್ಯಾ. ಎ.ಕೆ. ಸಿಕ್ರಿ ಅಧ್ಯಕ್ಷತೆಯ ಇದೇ ಎನ್‌ಬಿಡಿಎಸ್‌ಎ ಟೈಮ್ಸ್ ನೌ ನವಭಾರತ್‌ಗೆ 1 ಲಕ್ಷ, ನ್ಯೂಸ್18 ಇಂಡಿಯಾಗೆ 50 ಸಾವಿರ ದಂಡ ಹಾಕಿ, ವಿಡಿಯೋ ತೆಗೆಸಿತು. ಚಾನಲ್‌ಗೆ ಅದು ಚಿಲ್ಲರೆ ಕಾಸು, ನಿಜ.

ಕಡಲಬದಿ

ತುಣುಕು ಕತ್ತರಿಸಿದ್ದು ಅಂತ ಪತ್ತೆ ಹಚ್ಚುವುದು ಹೇಗೆ? ಪೂರ್ತಿ ವಿಡಿಯೋ ಸಿಗದಿದ್ದರೆ?

ಪಿಸಿಆರ್ ಮೂಲೆ

ಕಣ್ಣು ಮುಚ್ಚಿ ಹೆಡ್‌ಫೋನಲ್ಲಿ ಕೇಳಿ. ಪ್ರತಿ ಕೋಣೆಗೂ ಒಂದು ಮೌನದ ಸದ್ದಿರುತ್ತೆ, ಎಸಿ ಗುಂಯ್ ಅನ್ನೋದು, ಲೈಟಿನ ಸದ್ದು. ಕತ್ತರಿ ಬಿದ್ದ ಕಡೆ ಅದು ಚಕ್ಕನೆ ಬದಲಾಗುತ್ತೆ ಅಥವಾ ಉಸಿರು ಅರ್ಧಕ್ಕೆ ಕತ್ತರಿಸಿರುತ್ತೆ. ಚಿತ್ರದಲ್ಲಿ ನೋಡಬೇಕಾದ್ದು ಸಂದರ್ಶಕ ತಲೆಯಾಡಿಸೋ ಶಾಟು. ಅತಿಥಿ ಮಾತಿನ ಮಧ್ಯೆ ಅದು ಬಂತು ಅಂದ್ರೆ ಅದರ ಅಡಿಯಲ್ಲಿ ಜೋಡಣೆ ಇರಬಹುದು. ಇರಲೇಬೇಕು ಅಂತಿಲ್ಲ. ಪ್ರಶ್ನೆ ಕೇಳುವಾಗ ಅತಿಥಿ ಮುಖ ತೋರಿಸದೆ, ಉತ್ತರಕ್ಕೆ ಮಾತ್ರ ಅತಿಥಿ ಬಂದ್ರೆ ಆ ಪ್ರಶ್ನೆಗೆ ಆ ಉತ್ತರವೇನಾ ಅಂತ ಅನುಮಾನ ಪಡಿ. ಕತ್ತರಿಸಿದ ಕಡೆ ಚಿತ್ರ ಜಿಗಿಯೋದನ್ನ (ಜಂಪ್ ಕಟ್) ನುಣುಪು ಮಾಡೋಕೆ ಈಗ ಸಾಫ್ಟ್‌ವೇರ್ ಇದೆ, ಹಾಗಾಗಿ ಕಣ್ಣಿಗಿಂತ ಕಿವಿ ವಾಸಿ.

ಅಡ್ಡಗೆರೆ

ಹಾಗಾದ್ರೆ ಶಪಿರೊ ಸಂದರ್ಶನವನ್ನ ಹೋಲಿಸೋಕೆ ಏನು ತಗೊಳ್ಳೋಣ? 2019ರ ನವೆಂಬರ್ 26ರಂದು ನೀಲ್ ಆಗಿನ ಲೇಬರ್ ಪಕ್ಷದ ನಾಯಕ ಜೆರೆಮಿ ಕಾರ್ಬಿನ್‌ನ ಸಂದರ್ಶನ ಮಾಡಿದ್ದು ಸಿಗುತ್ತೆ. ಯಹೂದಿ ದ್ವೇಷದ ವಿಷಯದಲ್ಲಿ ಕ್ಷಮೆ ಕೇಳ್ತೀರಾ ಅಂತ ಮತ್ತೆ ಮತ್ತೆ ಕೇಳಿದ್ದು. ಎಡಪಂಥೀಯನಿಗೂ ಅದೇ ಬಿಸಿ ಮುಟ್ಟಿಸಿದ್ರಾ ಅಂತ ಗೊತ್ತಾಗುತ್ತೆ.

ಕೊಂಕುಮಾತು

ಕಾರ್ಬಿನ್ ಆಗ ಪ್ರಧಾನಿ ಹುದ್ದೆಯ ಅಭ್ಯರ್ಥಿ, ಅದೂ ಚುನಾವಣೆ ಮಧ್ಯೆ, ಎದುರಾಎದುರು ಕೂತು. ಶಪಿರೊ ಪರದೇಶದ ಪಾಡ್‌ಕಾಸ್ಟರ್, ದೂರದ ಸ್ಟುಡಿಯೋ. ಹೊಂದಲ್ಲ.

ನುಡಿಗಟ್ಟು

ಪೂರ್ತಿ ಹೊಂದೋ ಜೋಡಿ ಸಿಗೋದೇ ಇಲ್ಲ. ಆ ಚುನಾವಣೆಯ ಅದೇ ಸಂದರ್ಶನ ಸರಣಿಯಲ್ಲಿ ಬೇರೆ ಪಕ್ಷಗಳ ನಾಯಕರಾದ ಸ್ಟರ್ಜನ್, ಸ್ವಿನ್ಸನ್, ಫರಾಜ್ ಮೂವರೂ ಇದ್ದಾರೆ (ಆಗಿನ ಪ್ರಧಾನಿ ಜಾನ್ಸನ್ ಬರಲೇ ಇಲ್ಲ, ನೀಲ್ ಕ್ಯಾಮೆರಾಕ್ಕೇ ಮಾತಾಡಿ ಮುಗಿಸಿದ್ರು). ಕಾರ್ಬಿನ್ ಸೇರಿ ನಾಲ್ಕೂ ಎಣಿಸಿ, ನೀಲ್‌ನ ಮಾಮೂಲಿ ಖಾರ ಎಷ್ಟು ಅನ್ನೋದು ಸಿಗುತ್ತೆ. ಶಪಿರೊಗೆ ಅದಕ್ಕಿಂತ ಜಾಸ್ತಿ ಬಿತ್ತಾ ಅಂತ ಆಮೇಲೆ ನೋಡೋಣ. ಅಡ್ಡ ಬಾಯಿ ಕಾಲಂ ಬಿಟ್ಟುಬಿಡಿ, ತಡದ ತಕರಾರು ಬರುತ್ತೆ. ಮೂಲದ ಕಾಲಂ ಮಾತ್ರ ಹೋಲಿಸಿ.

ಕೊಂಕುಮಾತು

ಅದಾದ್ರೆ ಸರಿ. ಆದ್ರೆ "ಪೂರ್ವಗ್ರಹ ಹೊತ್ತ ಪ್ರಶ್ನೆ"ಗೆ ವ್ಯಾಖ್ಯಾನ ಬರೆದು ಇಲ್ಲಿ ಹಾಕಿದ ಮೇಲೆ ಶುರು ಮಾಡಿ, ಎಣಿಸಿ ಆದ್ಮೇಲೆ ಅಲ್ಲ.

ಅಡ್ಡಗೆರೆ

ಒಪ್ಪಿದೆ. ನಾನು ಶಪಿರೊ ಮತ್ತು ಫರಾಜ್ ತಗೋತೀನಿ. @ಗುದ್ದಲಿ, ನೀವು ನೀಲ್ ಪರ ಅಲ್ವಾ, ಅದೇ ಎರಡನ್ನ ನೀವೂ ತುಂಬಿ. ಆಡಾಸಿಟಿ ಎಂಪಿ4 ತೆರೀತಾ ಇಲ್ಲ, ಏನು ಮಾಡ್ಬೇಕು?

ಟಿಪ್ಪಣಿಕಾರ

ಎಫ್‌ಎಫ್‌ಎಂಪೆಗ್ ಲೈಬ್ರರಿ ಬೇರೆ ಹಾಕ್ಕೋಬೇಕು, ಇಲ್ಲಾಂದ್ರೆ ಎಂಪಿ4 ತಗೊಳ್ಳಲ್ಲ. ಹಾಕಿ, ಪ್ರಿಫರೆನ್ಸಸ್‌ನಲ್ಲಿ ಲೈಬ್ರರೀಸ್ ಕಡೆ ಹೋಗಿ ದಾರಿ ತೋರಿಸಿ, ಆಡಾಸಿಟಿ ಮುಚ್ಚಿ ತೆರೆಯಿರಿ. ಅದು ರಗಳೆ ಅನ್ನಿಸಿದ್ರೆ ಆಡಿಯೋನ ವೇವ್ ಫೈಲ್ ಮಾಡ್ಕೊಂಡು ತೆರೆಯಿರಿ. ಇಬ್ಬರೂ ಒಂದೇ ಫೈಲ್ ಬಳಸಿ. ಬೇರೆ ಬೇರೆ ಕಡೆಯಿಂದ ಇಳಿಸ್ಕೊಂಡ್ರೆ ಶುರುವಿನ ಬಿಬಿಸಿ ಲೋಗೋ ಉದ್ದ ಬೇರೆಯಾಗಿ ಸೆಕೆಂಡ್‌ಗಳು ಹೊಂದಲ್ಲ.